ಇದು ಯಾರ ಅಜ್ಜಿ?

(ಶಾಲೆಯ ಸುವರ್ಣ ಮಹೋತ್ಸವದ ಎರಡನೇ ದಿನ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

ಮುಂದೆ ಜಮಖಾನದ ಮೇಲೆ ಕೂತಿರುವ ಮಕ್ಕಳೇ, ಇವತ್ತು ನಾನು ಮಾತಾಡಬೇಕಾಗಿರುವುದು ನಿಮ್ಮ ಹತ್ತಿರ. ದೊಡ್ಡವರು ಕೇಳಿಸಿಕೊಂಡರೆ ಸಂತೋಷ.

ಸಮಿತಿಯವರು ಫೋನ್ ಮಾಡಿದಾಗ ಕಂಪ್ಯೂಟರ್ ಬಗ್ಗೆಯೋ ಬೆಂಗಳೂರಿನ ಕೆಲಸದ ಬಗ್ಗೆಯೋ ಮಾತಾಡಿ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು, ‘ಮಕ್ಕಳಿಗೆ ಕತೆ, ಕವಿತೆ ಬರೆಯುವುದು ಹೇಗೆ ಅಂತ ಹೇಳಿ’ ಅಂದರು. ನಾನು ಸಾಹಿತಿ ಅಲ್ಲ ಸ್ವಾಮಿ ಅಂದೆ. ನಿಜವಾಗಿಯೂ ಅಲ್ಲ. ಬಿ.ಇ. ಓದಿದವನು. ದಿನಾ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಏಳೆಂಟು ಕತೆ ಬರೆದಿದ್ದೇನೆ. ಎರಡು ಅಚ್ಚಾಗಿವೆ, ಉಳಿದವು ವಾಪಸ್ಸು ಬಂದಿವೆ. ಆದರೂ ಒಪ್ಪಿಕೊಂಡು ಬಂದೆ. ಯಾಕೆಂದರೆ ಬರವಣಿಗೆಯ ಬಗ್ಗೆ ನನಗೆ ಗೊತ್ತಿರುವ ಒಂದೇ ಒಂದು ಮಾತನ್ನು ನಾನು ಕಲಿತದ್ದು ಇದೇ ಶಾಲೆಯಲ್ಲಿ, ಆ ಕೊನೆಯ ಕೋಣೆಯಲ್ಲಿ. ಕಲಿತ ರೀತಿ ಮಾತ್ರ ಅಷ್ಟು ಸುಖದ್ದಲ್ಲ.

ಒಂಬತ್ತನೇ ತರಗತಿ. ನಮ್ಮ ಕನ್ನಡ ಮೇಷ್ಟ್ರು ‘ನನ್ನ ಅಜ್ಜಿ’ ಅಂತ ಪ್ರಬಂಧ ಬರೆದುಕೊಂಡು ಬನ್ನಿ ಅಂದರು. ಮನೆಯಲ್ಲಿ ಅಕ್ಕ ಓದಿ ಬಿಟ್ಟಿದ್ದ ಗೈಡ್ ಇತ್ತು. ಅದರಲ್ಲಿ ಅಜ್ಜಿ ಸಿದ್ಧವಾಗಿ ಕೂತಿದ್ದಳು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ, ಮೂರೂ ಇತ್ತು. ಅಜ್ಜಿಗೆ ಬೆಳ್ಳಿಯಂಥ ಕೂದಲು, ಬೊಚ್ಚು ಬಾಯಿ, ಮಡಿಲಲ್ಲಿ ಮಲಗಿಸಿಕೊಂಡು ಪಂಚತಂತ್ರದ ಕತೆ ಹೇಳುತ್ತಾಳೆ, ದಿನಾ ಸಂಜೆ ದೇವರಿಗೆ ದೀಪ ಹಚ್ಚುತ್ತಾಳೆ. ನಾನು ಒಂದಕ್ಷರ ಬಿಡದೆ ಇಳಿಸಿಕೊಂಡೆ. ಕೈಬರಹ ಚೆನ್ನಾಗಿತ್ತು, ಅಡಿಗೆರೆಯನ್ನೂ ಕೆಂಪು ಪೆನ್ನಿನಲ್ಲಿ ಹಾಕಿದ್ದೆ. ಹತ್ತಕ್ಕೆ ಒಂಬತ್ತು ಗ್ಯಾರಂಟಿ ಅಂದುಕೊಂಡಿದ್ದೆ.

ಮೇಷ್ಟ್ರು ಪೂರ್ತಿ ಓದಿದರು. ಆಮೇಲೆ ಪುಸ್ತಕ ಮುಚ್ಚಿ, ಮೆಲ್ಲಗೆ ಕೇಳಿದರು: ‘ಇದು ಯಾರ ಅಜ್ಜೀನೋ?’

ನಾನು ಸುಮ್ಮನೆ ನಿಂತೆ.

‘ನಿಮ್ಮಜ್ಜೀನ ನಾನು ನೋಡಿದೀನಪ್ಪ. ದಿನಾ ಬೆಳಿಗ್ಗೆ ಬಸ್ ಸ್ಟಾಂಡಲ್ಲಿ ಸಿಗ್ತಾರೆ. ಕೊಬ್ಬರಿ ಒಡೆಯಕ್ಕೆ ಹೋಗ್ತಾರೆ. ಅವರೆಲ್ಲಿ ಇದರಲ್ಲಿ?’

ಇಡೀ ತರಗತಿ ನಕ್ಕಿತು. ಮಕ್ಕಳೇ, ನಿಜ ಹೇಳುತ್ತೇನೆ, ಗೈಡಿನಿಂದ ಕದ್ದು ಸಿಕ್ಕಿಬಿದ್ದೆ ಅಂತ ನನಗೆ ನಾಚಿಕೆ ಆಗಲಿಲ್ಲ. ನಮ್ಮಜ್ಜಿ ಕೂಲಿಗೆ ಹೋಗುತ್ತಾಳೆ ಅನ್ನುವುದು ಹುಡುಗಿಯರ ಬೆಂಚಿಗೂ ಗೊತ್ತಾಯಿತಲ್ಲ, ಅದಕ್ಕೆ ಆಯಿತು. ಗೈಡ್ ನೋಡಿ ಬರೆಯಲು ಸೋಮಾರಿತನ ಅರ್ಧ ಕಾರಣ. ಇನ್ನರ್ಧ, ಆ ಬೆಳ್ಳಿ ಕೂದಲಿನ ಅಜ್ಜಿಯ ಹಿಂದೆ ನಮ್ಮಜ್ಜಿಯನ್ನು ಬಚ್ಚಿಡಬಹುದಿತ್ತು.

ಮೇಷ್ಟ್ರು ಬೈಯಲಿಲ್ಲ. ‘ನಾಳೆ ಹತ್ತೇ ಹತ್ತು ಸಾಲು ಬರಕೊಂಡು ಬಾ. ನಿಮ್ಮಜ್ಜಿಯ ಕೈ ಬಗ್ಗೆ ಮಾತ್ರ. ಒಳ್ಳೆಯವಳು, ಪ್ರೀತಿ, ಶ್ರಮಜೀವಿ, ಈ ಮೂರು ಪದ ಬರಬಾರದು’ ಅಂದರು.

ಆ ರಾತ್ರಿ ಮೊದಲ ಸಲ ನಾನು ಅಜ್ಜಿಯ ಕೈ ನೋಡಿದೆ. ಹದಿನಾಲ್ಕು ವರ್ಷ ಆ ಕೈಯಿಂದ ಉಂಡಿದ್ದೆ, ನೋಡಿರಲಿಲ್ಲ. ನಮ್ಮ ತಿಪಟೂರು ಸೀಮೆಯವರಿಗೆ ಕೊಬ್ಬರಿ ಕೆಲಸ ನಾನು ಹೇಳಬೇಕಾಗಿಲ್ಲ, ಆದರೂ ಬೇರೆ ಕಡೆಯಿಂದ ಬಂದ ಮೇಷ್ಟ್ರುಗಳಿದ್ದಾರೆ ಅಂತ ಹೇಳುತ್ತೇನೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಸುಲಿದು, ಕರಟ ಒಡೆದು, ಉಂಡೆ ಹಾಗೇ ಇಡಿಯಾಗಿ ಹೊರಗೆ ಬರುವಂತೆ ತೆಗೆಯಬೇಕು. ಪೆಟ್ಟು ಚೂರು ಹೆಚ್ಚಾದರೆ ಉಂಡೆ ಒಡೆದು ಚೂರಾಗುತ್ತದೆ, ಬೆಲೆ ಬಿದ್ದುಹೋಗುತ್ತದೆ. ಪೆಟ್ಟು ತಪ್ಪಿದರೆ ಬೆರಳ ಮೇಲೆ. ನಮ್ಮಜ್ಜಿಗೆ ಆ ಅಂದಾಜು ಕೈಯಲ್ಲೇ ಇತ್ತು.

ಹತ್ತು ಸಾಲು ಬರೆದೆ. ಅದರಲ್ಲಿ ಮೂರು ಸಾಲು ಈಗಲೂ ನೆನಪಿದೆ. ‘ಅಜ್ಜಿಯ ಬಲಗೈ ಹೆಬ್ಬೆರಳಿನ ಉಗುರು ಎರಡು ಸೀಳಾಗಿದೆ. ಮಚ್ಚಿನ ಹಿಂಬದಿ ಬಿದ್ದು ಹಾಗಾಯಿತಂತೆ. ಮುದ್ದೆ ಮುರಿಯುವಾಗ ಆ ಬೆರಳನ್ನು ಮೇಲೆತ್ತಿ ಹಿಡಿದಿರುತ್ತಾಳೆ.’

ಮೇಷ್ಟ್ರು ಅದನ್ನು ತರಗತಿಯಲ್ಲಿ ನನ್ನ ಕೈಯಲ್ಲೇ ಓದಿಸಿದರು. ಯಾರೂ ನಗಲಿಲ್ಲ. ಆದರೆ ಮಾರನೇ ದಿನದಿಂದ ನನಗೆ ‘ಕರಟ’ ಅಂತ ಹೆಸರು ಬಿತ್ತು. ಹಾಗೆ ಕರೆದವರಲ್ಲಿ ಮೂವರು ಇಲ್ಲೇ ಹಿಂದೆ ಕುರ್ಚಿ ಮೇಲೆ ಕೂತು ನಗುತ್ತಿದ್ದಾರೆ, ಒಬ್ಬರು ಈಗ ಪಂಚಾಯ್ತಿ ಸದಸ್ಯರು. ಈಗ ನನಗೂ ನಗು ಬರುತ್ತದೆ. ಆಗ ಬರಲಿಲ್ಲ. ನಾನು ಬರೆಯುವುದನ್ನು ಬಿಟ್ಟೆ. ಹತ್ತನೇ ತರಗತಿಯಲ್ಲಿ ಗೈಡಿಗೇ ವಾಪಸ್ಸು ಹೋದೆ. ಒಳ್ಳೆಯ ಅಂಕವೂ ಬಂತು.

ಇದನ್ನು ಯಾಕೆ ಇಷ್ಟು ಉದ್ದ ಹೇಳಿದೆ ಅಂದರೆ, ಬರೆಯಲು ಬಾರದ ಮಕ್ಕಳನ್ನು ನಾನು ಇನ್ನೂ ನೋಡಿಲ್ಲ. ನಮ್ಮ ಮನೆ, ನಮ್ಮ ಮಾತು, ನಮ್ಮ ಊಟ, ಇದೆಲ್ಲ ಬರೆಯುವಂಥದ್ದಲ್ಲ ಅಂದುಕೊಂಡ ಮಕ್ಕಳು ಬಹಳ ಇದ್ದಾರೆ. ಪುಸ್ತಕದಲ್ಲಿ ಬರುವುದಕ್ಕೆ ಬೇರೆಯೇ ಜನ ಇರುತ್ತಾರೆ ಅಂತ ಅವರ ತಲೆಯಲ್ಲಿ ಕೂತುಬಿಟ್ಟಿರುತ್ತದೆ.

ನಿಮ್ಮ ಕಾಲದಲ್ಲಿ ಗೈಡ್ ಕೂಡ ಬೇಕಾಗಿಲ್ಲ. ಮೊಬೈಲಿನಲ್ಲಿ ಕೇಳಿದರೆ ಪ್ರಬಂಧ ಬಂದುಬಿಡುತ್ತದೆ. ಇಲ್ಲಿಗೆ ಬರುವ ಮುಂಚೆ ನಾನೂ ಒಂದು ಎಐ ಆ್ಯಪ್‌ನಲ್ಲಿ ಪರೀಕ್ಷೆ ಮಾಡಿದೆ. ‘ನನ್ನ ಅಜ್ಜಿ’ ಬಗ್ಗೆ ಕನ್ನಡದಲ್ಲಿ ಪ್ರಬಂಧ ಬರೆ ಅಂದೆ. ಅರ್ಧ ನಿಮಿಷದಲ್ಲಿ ಬಂತು. ಬೆಳ್ಳಿ ಕೂದಲು ಬಂತು, ಮಡಿಲು ಬಂತು, ದೀಪವೂ ಬಂತು. ಅಕ್ಕನ ಗೈಡಿನ ಅಜ್ಜಿಯೇ ಮತ್ತೆ ಎದ್ದು ಬಂದ ಹಾಗಾಯಿತು. ಆ ಯಂತ್ರ ಕೆಲಸ ಮಾಡುವ ರೀತಿಯೇ ಹಾಗೆ. ಲಕ್ಷಾಂತರ ಜನ ಬರೆದಿಟ್ಟದ್ದನ್ನು ಓದಿ, ಸಾಮಾನ್ಯವಾಗಿ ಯಾವ ಪದದ ಮುಂದೆ ಯಾವ ಪದ ಬರುತ್ತದೋ ಅದನ್ನು ಜೋಡಿಸುತ್ತದೆ. ನಮ್ಮಜ್ಜಿಯ ಉಗುರಿನ ಬಗ್ಗೆ ಯಾರೂ ಬರೆದಿಟ್ಟಿಲ್ಲ, ಅದಕ್ಕೆ ಗೊತ್ತಾಗುವುದಾದರೂ ಹೇಗೆ? ಅದೇ ಕ್ಷೇತ್ರದಲ್ಲಿ ಅನ್ನ ತಿನ್ನುವವನು ನಾನು, ಯಂತ್ರವನ್ನು ಬೈಯುತ್ತಿಲ್ಲ. ಅದಕ್ಕೆ ಗೊತ್ತಿಲ್ಲದ್ದು ನಿಮಗೆ ಗೊತ್ತಿದೆ ಅಂತ ಹೇಳುತ್ತಿದ್ದೇನೆ ಅಷ್ಟೆ.

ಸರಿ, ಹಾಗಾದರೆ ಎಲ್ಲಿಂದ ಶುರು ಮಾಡುವುದು? ‘ಏನಾದರೂ ಬರಿ’ ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ನನಗೂ ಹೊಳೆಯುವುದಿಲ್ಲ. ಕೊಕ್ಕೆ ಹಾಕಲು ಒಂದು ಸಣ್ಣ ಮೊಳೆ ಬೇಕು. ನಮ್ಮ ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವಧಾನದಲ್ಲಿ ಸಮಸ್ಯಾಪೂರಣ ಅಂತ ಇದೆ, ಕೇಳಿದ್ದೀರಾ? ಪೃಚ್ಛಕರು ಪದ್ಯದ ಕೊನೆಯ ಸಾಲನ್ನು ಮಾತ್ರ ಕೊಡುತ್ತಾರೆ. ಅದು ಅರ್ಥವಿಲ್ಲದ್ದೋ ಅಸಭ್ಯವೋ ಅನ್ನಿಸುವಂತೆ ಬೇಕೆಂದೇ ಇರುತ್ತದೆ. ಅವಧಾನಿಗಳು ಮೇಲಿನ ಸಾಲುಗಳನ್ನು ಕಟ್ಟಿ ಆ ಕೊನೆಯ ಸಾಲಿಗೆ ಅರ್ಥ ಬರುವ ಹಾಗೆ ಮಾಡಬೇಕು. ಶತಾವಧಾನಿ ಆರ್. ಗಣೇಶ್ ಅವರು ಇದನ್ನು ಸಭೆಯ ಎದುರಿಗೇ ಮಾಡುತ್ತಾರೆ. ಅಂದಹಾಗೆ ಅವರೂ ಎಂಜಿನಿಯರಿಂಗ್ ಓದಿದವರು. ನಮಗೆ ಛಂದಸ್ಸಿನ ಗೊಡವೆ ಬೇಡ, ಉಪಾಯ ಸಾಕು.

ನಿನ್ನೆ ಮಧ್ಯಾಹ್ನ ಒಂಬತ್ತನೇ ತರಗತಿಯವರ ಜೊತೆ ಒಂದು ಪಿರಿಯಡ್ ಕೂತಿದ್ದೆ. ಬೋರ್ಡಿನ ಮೇಲೆ ಒಂದು ವಾಕ್ಯ ಬರೆದೆ: ‘ಅಷ್ಟರಲ್ಲಿ ಬಸ್ಸು ಹೊರಟುಹೋಯಿತು.’ ನಿಮ್ಮ ಕತೆ ಈ ಸಾಲಿನಲ್ಲಿ ಮುಗಿಯಬೇಕು, ಅಷ್ಟೇ ನಿಯಮ ಅಂದೆ. ಇಪ್ಪತ್ತು ನಿಮಿಷ ಕೊಟ್ಟೆ. ಬಹಳ ಜನ ಪರೀಕ್ಷೆಗೆ ತಡವಾದ ಹುಡುಗನ ಕತೆ ಬರೆದರು, ಕೊನೆಗೆ ಸಮಯಪಾಲನೆಯ ನೀತಿ. ತಪ್ಪೇನಿಲ್ಲ, ನಾವು ಹಾಗೆಯೇ ಕಲಿಸಿದ್ದೇವೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಮೂರೇ ಸಾಲು ಬರೆದು ಪೆನ್ನು ಮುಚ್ಚಿಟ್ಟಿದ್ದ. ಅವನ ಒಪ್ಪಿಗೆ ಕೇಳಿ ಓದುತ್ತಿದ್ದೇನೆ, ಹೆಸರು ಹೇಳುವುದಿಲ್ಲ.

‘ಅಪ್ಪ ಬೆಂಗಳೂರಿಗೆ ಕೆಲಸಕ್ಕೆ ಹೋಗಲು ರೆಡಿಯಾಗಿದ್ದರು. ನಾನು ಅವರ ಒಂದು ಚಪ್ಪಲಿಯನ್ನು ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟಿದ್ದೆ. ಅಷ್ಟರಲ್ಲಿ ಬಸ್ಸು ಹೊರಟುಹೋಯಿತು.’

ನಾನು ಒಂದು ನಿಮಿಷ ಕಿಟಕಿಯ ಕಡೆ ತಿರುಗಿ ನಿಂತೆ. ಇದರಲ್ಲಿ ಪ್ರೀತಿ ಅನ್ನುವ ಪದ ಇಲ್ಲ. ‘ಅಪ್ಪ ಹೋಗುವುದು ನನಗೆ ಇಷ್ಟವಿರಲಿಲ್ಲ’ ಅಂತಲೂ ಇಲ್ಲ. ಒಂದು ಚಪ್ಪಲಿ ಇದೆ. ಎರಡಲ್ಲ, ಒಂದು. ಒಂದನ್ನು ಬಚ್ಚಿಟ್ಟರೆ ಸಾಕು ಅಂತ ಲೆಕ್ಕ ಹಾಕಿದ ಹುಡುಗ ನಮಗೆ ಕಣ್ಣಿಗೆ ಕಾಣುತ್ತಾನೆ. ಅವನು, ‘ಸಾರ್, ಚಿಕ್ಕದಾಯ್ತು’ ಅಂತ ಅಳುಕುತ್ತಿದ್ದ. ಇದಕ್ಕೆ ಇನ್ನೊಂದು ಸಾಲು ಸೇರಿಸಿದರೆ ಹಾಳಾಗುತ್ತದೆ ಅಂತ ಹೇಳಿದ್ದೇನೆ. ಅವನ ಕನ್ನಡ ಮೇಡಂ ಇಲ್ಲೇ ಇದ್ದಾರೆ, ಅವರೂ ಹೇಳುತ್ತಾರೆ ಅಂತ ನಂಬಿದ್ದೇನೆ.

ಇಂಥ ಮೊಳೆಗಳನ್ನು ನೀವೇ ಹೊಡೆದುಕೊಳ್ಳಬಹುದು. ಒಬ್ಬರ ಕೈ ಬಗ್ಗೆ ಹತ್ತು ಸಾಲು, ನನ್ನ ಮೇಷ್ಟ್ರು ಕೊಟ್ಟ ಹಾಗೆ, ಗುಣವಾಚಕಗಳಿಲ್ಲದೆ. ರಾತ್ರಿ ತ್ರೀ-ಫೇಸ್ ಕರೆಂಟ್ ಬಂದಾಗ ಮೋಟರ್ ಹಾಕಲು ಎದ್ದು ಹೋಗುವ ಅಪ್ಪನ ಜೊತೆ ಒಂದು ದಿನ ತೋಟಕ್ಕೆ ಹೋಗಿ. ವಾಪಸ್ಸು ಬಂದು, ಕಣ್ಣಿಗೆ ಕಂಡದ್ದನ್ನು ಬಿಟ್ಟು ಕಿವಿಗೆ ಕೇಳಿಸಿದ್ದನ್ನು ಮಾತ್ರ ಬರೆಯಿರಿ. ಕತ್ತಲಲ್ಲಿ ಕಿವಿ ಎಷ್ಟು ಕೆಲಸ ಮಾಡುತ್ತದೆ ಅಂತ ಗೊತ್ತಾಗುತ್ತದೆ. ಮನೆಯಲ್ಲಿ ಯಾರೂ ಉಪಯೋಗಿಸದ, ಆದರೆ ಯಾರೂ ಬಿಸಾಡದ ಒಂದು ವಸ್ತು ಇರುತ್ತದೆ. ಅಟ್ಟದ ಮೇಲಿನ ಒಂದು ಟ್ರಂಕೋ, ಒಡೆದ ರೇಡಿಯೋವೋ. ಅದನ್ನು ಯಾಕೆ ಬಿಸಾಡಿಲ್ಲ ಅಂತ ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ. ಇಬ್ಬರೂ ಬೇರೆ ಬೇರೆ ಉತ್ತರ ಕೊಟ್ಟರೆ ನಿಮಗೆ ಕತೆ ಸಿಕ್ಕಿತು.

ಗಾದೆ ವಿಸ್ತರಣೆ ನೀವೆಲ್ಲ ಮಾಡುತ್ತೀರಿ. ‘ಗಾದೆಗಳು ವೇದಗಳಿಗೆ ಸಮಾನ’ ಅಂತ ಶುರು ಮಾಡದವರು ಕೈ ಎತ್ತಿ ನೋಡೋಣ. ನೋಡಿ, ಒಬ್ಬರೂ ಇಲ್ಲ! ಪರೀಕ್ಷೆಯಲ್ಲಿ ಹಾಗೆಯೇ ಬರೆಯಿರಿ, ಅಂಕ ಕಳೆದುಕೊಳ್ಳಿ ಅಂತ ನಾನು ಹೇಳಿದರೆ ನಿಮ್ಮ ಅಪ್ಪಂದಿರು ನನ್ನನ್ನು ಊರೊಳಗೆ ಸೇರಿಸುವುದಿಲ್ಲ. ಆದರೆ ಮನೆಯ ನೋಟ್‌ಬುಕ್ಕಿನಲ್ಲಿ ಗಾದೆಯ ಜೊತೆ ಒಂದು ಸಲ ಜಗಳ ಆಡಿ. ‘ಕೈ ಕೆಸರಾದರೆ ಬಾಯಿ ಮೊಸರು’ ಅನ್ನುತ್ತಾರೆ. ನಮ್ಮಜ್ಜಿಯ ಕೈ ಬದುಕಿಡೀ ಕೆಸರಾಯಿತು, ಮೊಸರು ಯಾರ ಬಾಯಿಗೆ ಹೋಯಿತು? ಈ ಪ್ರಶ್ನೆಯಿಂದ ನಾನು ಒಂದು ಕತೆ ಬರೆದೆ. ಅಚ್ಚಾದ ಎರಡರಲ್ಲಿ ಅದೂ ಒಂದು.

ಇನ್ನು ಭಾಷೆ. ನಿನ್ನೆ ಒಬ್ಬ ಹುಡುಗಿ ಕೇಳಿದಳು: ‘ಸಾರ್, ಕತೆಯಲ್ಲಿ ನಮ್ಮ ಮನೆ ಭಾಷೆ ಬರೆದರೆ ತಪ್ಪಲ್ವಾ?’ ಇಂಗ್ಲಿಷೇ ದೊಡ್ಡದು ಅಂತ ಒಂದು ಅಂಜಿಕೆ ನಮಗೆ ಇದೆ, ಪುಸ್ತಕದ ಕನ್ನಡವೇ ದೊಡ್ಡದು ಅಂತ ಇನ್ನೊಂದು. ಮೊದಲನೆಯದು ಕುವೆಂಪು ಅವರಿಗೂ ಇತ್ತು. ಹುಡುಗರಾಗಿದ್ದಾಗ ಅವರು ಬರೆಯುತ್ತಿದ್ದುದು ಇಂಗ್ಲಿಷ್ ಕವಿತೆ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ತಮ್ಮ ಪದ್ಯಗಳನ್ನು ತೋರಿಸಿದರು. ಕಸಿನ್ಸ್ ಅವರು, ನಿಮ್ಮ ಮಾತೃಭಾಷೆಯಲ್ಲಿ ಬರೆಯಿರಿ ಎಂದು ಸಲಹೆ ಕೊಟ್ಟರು. ಹುಡುಗನಿಗೆ ಮೊದಲು ಬೇಸರವೇ ಆಯಿತಂತೆ. ಆಮೇಲೆ ನಡೆದದ್ದು ನಮಗೆಲ್ಲ ಗೊತ್ತು.

ಎರಡನೆಯ ಅಂಜಿಕೆಗೆ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ನೋಡಬೇಕು. ನಂಜನಗೂಡು, ಚಾಮರಾಜನಗರದ ಕಡೆಯ ಆಡುಮಾತಿನಲ್ಲಿ ಬರೆದ ಪುಸ್ತಕ. ಮೊದಲ ಸಲ ಓದಿದಾಗ ನನಗೇ ಅರ್ಧ ಅರ್ಥವಾಗಲಿಲ್ಲ, ಗಟ್ಟಿಯಾಗಿ ಓದಿದ ಮೇಲೆ ಬಾಯಿಗೆ ಹತ್ತಿತು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವೈದೇಹಿ ಅವರ ಕತೆಗಳಲ್ಲಿ ಕುಂದಾಪುರದ ಕನ್ನಡ ಇದೆ. ಹಾಗಿರುವಾಗ ನಮ್ಮ ಸೀಮೆಯ ಮಾತು ಏನು ಪಾಪ ಮಾಡಿದೆ? ಬಸ್ಸಿನಲ್ಲಿ ನಾನು ಕೇಳಿಸಿಕೊಂಡು ನೋಟ್ ಮಾಡಿಕೊಂಡ ಎರಡು ಸಾಲು ಇದು. ಒಬ್ಬ ಅಜ್ಜಿ ಕೇಳುತ್ತಾಳೆ, ‘ಮಗ ಬಂದಿದ್ನೇನವ್ವ ಹಬ್ಬಕ್ಕೆ?’ ಇನ್ನೊಬ್ಬಳು, ‘ಬಂದಿದ್ದ ಕಣವ್ವ. ಕಾಯಿ ಮೂಟೆ ಹಾಕ್ಕೊಂಡ್ ಹೋಗಕ್ಕೆ ಬಂದಿದ್ದ.’ ಇದನ್ನು ‘ನನ್ನ ಪುತ್ರನು ತೆಂಗಿನಕಾಯಿಗಳನ್ನು ಕೊಂಡೊಯ್ಯಲು ಆಗಮಿಸಿದ್ದನು’ ಅಂತ ಬರೆದು ನೋಡಿ. ಕಾಯಿ ಇರುತ್ತದೆ, ಅಜ್ಜಿ ಇರುವುದಿಲ್ಲ. (ಇದನ್ನು ಹೇಳುವಾಗ ನನಗೂ ಸ್ವಲ್ಪ ಮುಜುಗರ, ಯಾಕೆಂದರೆ ನಾನೂ ಕಾಯಿ ಮೂಟೆ ಹಾಕಿಕೊಂಡು ಹೋಗುವ ಮಗನೇ.)

ಹಾಗಾದರೆ ಊರಿನವರ ಗುಟ್ಟೆಲ್ಲ ಬರೆದುಬಿಡುವುದಾ ಅಂತ ಹಿರಿಯರು ಹುಬ್ಬೇರಿಸುತ್ತಿದ್ದಾರೆ. ಒಳ್ಳೆಯ ಪ್ರಶ್ನೆ. ವೈದೇಹಿ ಅವರ ನಿಜವಾದ ಹೆಸರು ಜಾನಕಿ. ಅವರು ‘ಸುಧಾ’ಕ್ಕೆ ಒಂದು ಕತೆ ಕಳಿಸಿದ್ದರು. ಆಮೇಲೆ, ಅದರಲ್ಲಿ ನಿಜವಾಗಿ ನಡೆದದ್ದು ಇದೆ, ಹಾಕಬೇಡಿ ಅಂತ ಕೇಳಿಕೊಂಡರು. ಸಂಪಾದಕರು ಕತೆಯನ್ನು ಬಿಡಲಿಲ್ಲ, ಬರೆದವರ ಹೆಸರನ್ನು ‘ವೈದೇಹಿ’ ಅಂತ ಬದಲಾಯಿಸಿ ಅಚ್ಚು ಹಾಕಿದರು. ಆ ಹೆಸರೇ ನಿಂತಿತು. ದೊಡ್ಡ ಲೇಖಕಿಗೂ ಈ ಅಳುಕು ಇತ್ತು ಅನ್ನುವುದಕ್ಕೆ ಹೇಳಿದೆ. ನನ್ನ ಲೆಕ್ಕ ಇಷ್ಟು: ನಿಮ್ಮ ಬಗ್ಗೆ ಏನು ಬೇಕಾದರೂ ಬರೆಯಿರಿ. ಬೇರೆಯವರ ಬಗ್ಗೆ ಬರೆಯುವಾಗ ಹೆಸರು ಬದಲಿಸಿ, ಮನೆ ಬದಲಿಸಿ, ಬೇಕಾದರೆ ಗಂಡನ್ನು ಹೆಣ್ಣು ಮಾಡಿ. ಬದುಕಿರುವ ಒಬ್ಬರಿಗೆ ನೋವಾಗುತ್ತದೆ ಅನ್ನಿಸಿದರೆ ಬರೆದು ಮಡಚಿಡಿ, ತೋರಿಸಬೇಡಿ. ಆದರೆ ಬರೆಯದೆ ಬಿಡಬೇಡಿ.

ನಾಚಿಕೆಯ ವಿಷಯಕ್ಕೆ ಒಂದು ಪುಸ್ತಕ ಹೇಳಲೇಬೇಕು: ಸಿದ್ಧಲಿಂಗಯ್ಯನವರ ‘ಊರು ಕೇರಿ’. ಮಾಗಡಿ ಸೀಮೆಯ ಬಡತನ, ಹಸಿವು, ಅವಮಾನ ಎಲ್ಲ ಅದರಲ್ಲಿದೆ. ಆದರೆ ಓದುತ್ತಾ ನೀವು ಬಿದ್ದು ಬಿದ್ದು ನಗುತ್ತೀರಿ. ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ರೂಮ್‌ಮೇಟ್ ಒಬ್ಬನ ಪ್ರತಿಯನ್ನು ಒಂದೇ ರಾತ್ರಿ ಓದಿದೆ. ಬೆಳಗಿನ ಜಾವ ಪುಸ್ತಕ ಮುಚ್ಚಿದಾಗ ನೆನಪಾದದ್ದು ಒಂಬತ್ತನೇ ತರಗತಿ. ಇದನ್ನೆಲ್ಲ ಬರೆಯಬಹುದಿತ್ತು, ನಗುತ್ತಲೇ ಬರೆಯಬಹುದಿತ್ತು, ನಾನು ‘ಕರಟ’ ಅನ್ನಿಸಿಕೊಂಡದ್ದಕ್ಕೆ ಓಡಿಹೋದೆನಲ್ಲ ಅನ್ನಿಸಿತು. ಮತ್ತೆ ಪೆನ್ನು ಹಿಡಿದದ್ದು ಅಲ್ಲಿಂದ.

ಬರೆದದ್ದನ್ನು ತಿದ್ದುವ ಬಗ್ಗೆ ಎರಡು ಮಾತು. ನನ್ನ ಕೆಲಸದಲ್ಲಿ ಒಂದು ಕಟು ಸತ್ಯ ಇದೆ. ಕಂಪ್ಯೂಟರ್ ನಾವು ಬರೆದದ್ದನ್ನು ಮಾಡುತ್ತದೆ, ಅಂದುಕೊಂಡದ್ದನ್ನಲ್ಲ. ಓದುಗರೂ ಹಾಗೆಯೇ. ನಿಮ್ಮ ತಲೆಯಲ್ಲಿ ಮಳೆ ಬರುತ್ತಿರಬಹುದು, ಹಾಳೆಯ ಮೇಲೆ ಬರದಿದ್ದರೆ ಓದುವವರು ನೆನೆಯುವುದಿಲ್ಲ. ಅದಕ್ಕೆ ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ವಾಕ್ಯ ಕೆಟ್ಟಿದೆ. ಆಮೇಲೆ ಒಬ್ಬರಿಗೆ ಓದಿ ಹೇಳಿ, ‘ಹೇಗಿದೆ?’ ಅಂತ ಮಾತ್ರ ಕೇಳಬೇಡಿ, ‘ಚೆನ್ನಾಗಿದೆ’ ಅಂದುಬಿಡುತ್ತಾರೆ. ‘ಎಲ್ಲಿ ಬೇಜಾರಾಯಿತು?’ ಅಂತ ಕೇಳಿ. ನಮ್ಮ ಕಚೇರಿಯಲ್ಲಿ ಇನ್ನೊಬ್ಬರು ನೋಡಿ ಒಪ್ಪದೆ ನನ್ನ ಒಂದು ಸಾಲೂ ಮುಂದೆ ಹೋಗುವುದಿಲ್ಲ. ಮೊದಮೊದಲು ಅವಮಾನ ಆಗುತ್ತಿತ್ತು, ಈಗ ಅದಿಲ್ಲದಿದ್ದರೆ ಭಯವಾಗುತ್ತದೆ.

ಇನ್ನೊಂದು, ಅವಸರ ಬೇಡ. ಕಾಯಿ ಅಟ್ಟಕ್ಕೆ ಹಾಕಿ ಮೂರು ತಿಂಗಳಿಗೇ ಇಳಿಸಿ ಒಡೆದರೆ ಏನು ಸಿಗುತ್ತದೆ ಅಂತ ನಿಮ್ಮ ಮನೆಯಲ್ಲಿ ಕೇಳಿ. ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನಬೇಕು. ಕತೆ ಬರೆದ ದಿನವೇ ಅದು ಲೋಕದಲ್ಲೇ ಶ್ರೇಷ್ಠ ಅನ್ನಿಸುತ್ತದೆ, ತಿಂಗಳು ಬಿಟ್ಟು ತೆಗೆದರೆ ಅರ್ಧ ಹೊಡೆದುಹಾಕಬೇಕು ಅನ್ನಿಸುತ್ತದೆ. ನಾನು ಮೊದಲು ಹೊಡೆಯುವುದು ಕೊನೆಯ ಪ್ಯಾರಾ. ಪ್ರಬಂಧದ ಅಭ್ಯಾಸಕ್ಕೆ ಅಲ್ಲಿ ಯಾವಾಗಲೂ ಒಂದು ಉಪಸಂಹಾರ ಬಂದು ಕೂತಿರುತ್ತದೆ.

ಈಗ ದೊಡ್ಡವರ ಕಡೆ ತಿರುಗುತ್ತೇನೆ. ಶಾಲೆಯಲ್ಲಿ ಪುಸ್ತಕಗಳಿವೆ, ಬೀರುವಿನಲ್ಲಿವೆ, ಬೀರುವಿಗೆ ಬೀಗ ಇದೆ. ನಾವು ಓದುವಾಗಲೂ ಹಾಗೇ ಇತ್ತು. ಪುಸ್ತಕ ಕಳೆದರೆ ಮೇಷ್ಟ್ರು ಲೆಕ್ಕ ಕೊಡಬೇಕಾಗುತ್ತದೆ ಅನ್ನುವುದು ನನಗೆ ಅರ್ಥವಾಗುತ್ತದೆ. ಕಳೆದ ಪುಸ್ತಕದ ದುಡ್ಡನ್ನು ನಾವು ಹಳೆಯ ವಿದ್ಯಾರ್ಥಿಗಳು ಕೊಡುತ್ತೇವೆ, ಇದನ್ನು ಮೈಕಿನಲ್ಲಿ ಹೇಳುತ್ತಿದ್ದೇನೆ, ಆಮೇಲೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’, ತೇಜಸ್ವಿಯವರ ‘ಪರಿಸರದ ಕತೆ’ ಮಕ್ಕಳ ಕೈಯಲ್ಲಿ ಹರಿದು ಹೋಗಲಿ. ಹಾಗೆಯೇ ಆ ನೋಟಿಸ್ ಬೋರ್ಡಿನ ಅರ್ಧವನ್ನು ಗೋಡೆ ಪತ್ರಿಕೆಗೆ ಬಿಟ್ಟುಕೊಡಿ. ನಾಲ್ಕು ಹಾಳೆ, ಪಿನ್ನು, ತಿಂಗಳಿಗೊಮ್ಮೆ. ಊರಿನ ದೊಡ್ಡ ಮಕ್ಕಳು ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಗೆ ಕಳಿಸಲಿ, ಬಹುಮಾನ ಬರದಿದ್ದರೂ ಒಂದು ಗಡುವು ಸಿಗುತ್ತದೆ. ಗಡುವಿಲ್ಲದೆ ಕತೆ ಮುಗಿಸಿದವನು ನಾನಂತೂ ಅಲ್ಲ.

‘ಬರೆದರೆ ಹೊಟ್ಟೆ ತುಂಬುತ್ತೇನಪ್ಪ?’ ಅಂತ ನಿನ್ನೆ ಕಟ್ಟೆಯ ಮೇಲೆ ಒಬ್ಬ ಯಜಮಾನರು ಕೇಳಿದರು. ತುಂಬುವುದಿಲ್ಲ. ಮಾಸ್ತಿಯವರು ಮೈಸೂರು ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದರು, ಬೆಸಗರಹಳ್ಳಿ ರಾಮಣ್ಣ ಡಾಕ್ಟರು, ತೇಜಸ್ವಿ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದರು. ಹೊಟ್ಟೆಗೆ ಬೇರೆ ದಾರಿ ಇಟ್ಟುಕೊಂಡೇ ಬರೆದರು. ನಿಮ್ಮ ಮಗಳು ಬರೆದರೆ ಓದು ಕೆಡುವುದಿಲ್ಲ. ಆದರೆ ಅವಳು ಬರೆದದ್ದನ್ನು ನೋಡಿ ನಗಬೇಡಿ. ನಕ್ಕರೆ ಅವಳು ಗೈಡಿಗೆ ವಾಪಸ್ಸು ಹೋಗುತ್ತಾಳೆ.

ನಮ್ಮಜ್ಜಿ ನಾಲ್ಕು ವರ್ಷದ ಹಿಂದೆ ತೀರಿಕೊಂಡಳು. ಹನ್ನೊಂದನೇ ದಿನದ ಕಾರ್ಯಕ್ಕೆ ಫೋಟೋ ಹುಡುಕಿದರೆ ಸಿಕ್ಕಿದ್ದು ಹಳೆಯ ರೇಷನ್ ಕಾರ್ಡಿನದು, ಮುಖ ಅರ್ಧ ಮಾಸಿತ್ತು. ಅದನ್ನೇ ದೊಡ್ಡದು ಮಾಡಿಸಿದೆವು. ಆಕಾರ ಬಂತು, ಅಜ್ಜಿ ಬರಲಿಲ್ಲ. ಊಟ ಆದ ಮೇಲೆ ಹಜಾರದಲ್ಲಿ ಕೂತು ಎಲ್ಲರೂ ಅವಳ ವಿಷಯ ಮಾತಾಡುತ್ತಿದ್ದರು. ಆ ಸೀಳಿದ ಉಗುರು ಯಾವ ಕೈಯದು ಅಂತ ಮಾತು ಬಂತು. ಅಮ್ಮ ಬಲಗೈ ಅಂದಳು. ಚಿಕ್ಕಮ್ಮ, ‘ಇಲ್ಲ ಕಣಕ್ಕ, ಎಡಗೈ, ನಾನು ಎಣ್ಣೆ ಹಚ್ತಿದ್ನಲ್ಲ’ ಅಂದಳು. ಹೆತ್ತ ಮಕ್ಕಳಿಬ್ಬರು, ಹನ್ನೊಂದು ದಿನಕ್ಕೇ ಜಗಳ. ನಾನು ಬಲಗೈ ಅಂದೆ. ಹೇಗೆ ಅಷ್ಟು ಖಚಿತವಾಗಿ ಹೇಳ್ತೀಯ ಅಂದರು. ಬರೆದಿದ್ದೆ ಅಂದೆ.

ಆ ನೋಟ್‌ಬುಕ್ ಈಗ ಇಲ್ಲ, ಎಂದೋ ಹಳೇ ಪೇಪರಿನವನಿಗೆ ಹೋಗಿದೆ. ಉಳಿದ ಏಳು ಸಾಲಿನಲ್ಲಿ ಏನು ಬರೆದಿದ್ದೆ ಅಂತ ಎಷ್ಟು ತಿಣುಕಿದರೂ ಜ್ಞಾಪಕ ಬರುತ್ತಿಲ್ಲ. ಅವಳಿಗೆ ಮೊದಲ ದಿನದ ಕೂಲಿ ಎಷ್ಟು ಕೊಟ್ಟಿದ್ದರು, ಅದರಲ್ಲಿ ಏನು ತಂದಳು, ಶಾಲೆಗೆ ಎಷ್ಟನೇ ಕ್ಲಾಸಿನವರೆಗೆ ಹೋಗಿದ್ದಳು, ಇದ್ಯಾವುದನ್ನೂ ನಾನು ಕೇಳಿಲ್ಲ. ಕೇಳಲು ಈಗ ಯಾರೂ ಇಲ್ಲ.

ಆದ್ದರಿಂದ ಮಕ್ಕಳೇ, ಇವತ್ತು ಸಂಜೆಗೆ ಒಂದು ಕೆಲಸ ಕೊಡುತ್ತೇನೆ. ಮನೆಗೆ ಹೋಗಿ ಅಜ್ಜಿಯನ್ನೋ ತಾತನನ್ನೋ, ಅವರಿಲ್ಲದಿದ್ದರೆ ಪಕ್ಕದ ಮನೆಯವರನ್ನೋ ಹಿಡಿದು ಕೂರಿಸಿಕೊಳ್ಳಿ. ‘ಒಂದು ಕತೆ ಹೇಳಜ್ಜಿ’ ಅನ್ನಬೇಡಿ, ‘ನಂಗೇನ್ ಗೊತ್ತದೆ ಹೋಗು’ ಅನ್ನುತ್ತಾರೆ. ಸಣ್ಣ ಪ್ರಶ್ನೆ ಕೇಳಿ. ‘ನಿನಗೆ ಮೊದಲ ಕೂಲಿ ಎಷ್ಟು ಕೊಟ್ಟರು? ಆ ದುಡ್ಡಲ್ಲಿ ಏನು ತಂದೆ?’ ಇಷ್ಟೇ ಸಾಕು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಫೋನಿನಲ್ಲಿ ರೆಕಾರ್ಡ್ ಮಾಡಿದರೂ ಸರಿ, ಆದರೆ ಆಮೇಲೆ ಕೈಯಲ್ಲಿ ಬರೆಯಿರಿ. ಆ ಕಡೆ ಮೇಜಿನ ಮೇಲೆ ಇನ್ನೂರು ಪುಟದ ನೋಟ್‌ಬುಕ್‌ಗಳಿವೆ, ನಮ್ಮ ಬ್ಯಾಚಿನವರು ತಂದದ್ದು, ತಲೆಗೊಂದು. ಸೋಮವಾರ ನಿಮ್ಮ ಕನ್ನಡ ಮೇಡಂಗೆ ಮೊದಲ ಪುಟ ತೋರಿಸಿ. ಅವರು ಒಪ್ಪಿಕೊಂಡಿದ್ದಾರೆ, ಅಂಕ ಹಾಕುವುದಿಲ್ಲ ಅಂತಲೂ ಒಪ್ಪಿಕೊಂಡಿದ್ದಾರೆ.

ಅಡುಗೆ ಮನೆ ಕಡೆಯಿಂದ ಪಾಯಸದ ವಾಸನೆ ಬರುತ್ತಿದೆ, ನಿಮ್ಮ ಕಣ್ಣೆಲ್ಲ ಆ ಕಡೆಯೇ ಇದೆ. ನೋಟ್‌ಬುಕ್ ತೆಗೆದುಕೊಂಡು ಸಾಲಾಗಿ ಊಟಕ್ಕೆ ನಡೆಯಿರಿ.